ನಡು ಬಗ್ಗುವ ಟ್ರ್ಯಾಕ್ಟರು

ಮಕ್ಕಳೇ, ಹೋದ ಶನಿವಾರ ಮುಂಜಾನೆ ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ನನ್ನ ಅಳಿಯ ಮೊಬೈಲು ಹಿಡಿದುಕೊಂಡು ಓಡುತ್ತಲೇ ಬಂದ. ಅಳಿಯ ಅಂದರೆ ಮಗಳ ಗಂಡನಲ್ಲ, ನನ್ನ ತಂಗಿಯ ಮಗ. ನಮ್ಮ ಮಣ್ಣೂರಲ್ಲೇ, ಭೀಮಾ ನದಿಯ ದಂಡೆಗೆ ಅವನದು ನಾಲ್ಕು ಎಕರೆ ಹೊಲ. ಅರ್ಧ ಕಬ್ಬು, ಅರ್ಧ ತೊಗರಿ. ಅವನ ಹಿಂದೆ ಐದನೆಯ ಇಯತ್ತೆಯಲ್ಲಿ ಓದುವ ಅವನ ಮಗ, ಕಾಲಿಗೆ ಚಪ್ಪಲಿ ಕೂಡ ಇಲ್ಲ.

"ಮಾಮಾ, ಇದು ನೋಡ್ರಿ. ಫಾರಿನ್ ಮಾಲ್. ಇಟಲಿದು ಅಂತ. ಅರವತ್ತು ವರ್ಷದ್ದು. ಇಡೀ ಜಿಲ್ಲಾದಾಗ ಇಂಥಾದು ಇನ್ನೊಂದಿಲ್ಲ."

ಚಿತ್ರದಲ್ಲಿ ಕೆಂಪು ಬಣ್ಣದ ಪುಟ್ಟ ಟ್ರ್ಯಾಕ್ಟರು. ನಾಲ್ಕೂ ಗಾಲಿ ಒಂದೇ ಅಳತೆ. ನಡುವಿನಲ್ಲಿ ಕೀಲು. ಮುಂದಿನ ಅರ್ಧ ಒಂದು ಕಡೆ ಮುಖ ಮಾಡಿದೆ, ಹಿಂದಿನ ಅರ್ಧ ಇನ್ನೊಂದು ಕಡೆ. ಇರುವೆ ಸೊಂಟ ತಿರುಗಿಸಿ ನಿಂತ ಹಾಗೆ.

"ಎಷ್ಟು ಹೇಳ್ಯಾನ?"

"1,80,000. ಸಂಚಕಾರ 15,000 ಕೊಟ್ಟೀನಿ."

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಆ ಹಣ ಎಲ್ಲಿಯದೆಂದು ನನಗೆ ಗೊತ್ತಿತ್ತು. ತೊಗರಿ ಮಾರಿದ ದುಡ್ಡು. ಅವನ ದೊಡ್ಡ ಮಗಳು ಎಸ್ಸೆಸ್ಸೆಲ್ಸಿ ಪಾಸಾಗಿ ಕಲಬುರಗಿಯಲ್ಲಿ ಸೈನ್ಸ್ ಓದಬೇಕೆಂದು ಕೂತಿದ್ದಳು. ಹಾಸ್ಟೆಲ್ಲಿಗೂ ಕಾಲೇಜಿಗೂ ಅಂತ ಅವಳ ಅವ್ವ ಅದನ್ನು ಎತ್ತಿಟ್ಟಿದ್ದಳು.

"ಅವ್ವಿಗಿ ಹೇಳೀಯೇನು?" ಅಂದೆ. ಅವನು ಮೊಬೈಲನ್ನೇ ನೋಡಿದ.

ನಾನು ಐ.ಟಿ.ಐ.ನಲ್ಲಿ ಡೀಸೆಲ್ ಮೆಕ್ಯಾನಿಕ್ ಪಾಠ ಹೇಳಿ ನಿವೃತ್ತನಾದವನು ಎಂಬುದು ಈ ಪುಟ ಓದುವ ನಿಮಗೆ ಗೊತ್ತೇ ಇದೆ. ಸುತ್ತಲ ಊರಿನವರು ಹಳೆ ಪಂಪುಸೆಟ್ಟು, ಹಳೆ ಟ್ರ್ಯಾಕ್ಟರು ಕೊಳ್ಳುವ ಮೊದಲು ನನ್ನನ್ನು ಕರೆಯುತ್ತಾರೆ. ಅಳಿಯ ಮಾತ್ರ ಕೊಂಡ ಮೇಲೆ ಕರೆದಿದ್ದ. ಮನೆಯವರ ರೀತಿಯೇ ಹಾಗೆ.

ಹೋಗುವ ಮೊದಲು ಒಂದು ಮಾತು. ನಡು ಬಗ್ಗುವ ಟ್ರ್ಯಾಕ್ಟರು ಎಂಬುದು ಸುಳ್ಳು ವಸ್ತುವಲ್ಲ. ನೀವೂ ಅಂಥ ಯಂತ್ರ ನೋಡಿರುತ್ತೀರಿ. ಹೆದ್ದಾರಿ ಮಾಡುವಾಗ ಮಣ್ಣು ಒತ್ತಲು ಮುಂದೆ ದೊಡ್ಡ ಕಬ್ಬಿಣದ ಉರುಳೆ, ಹಿಂದೆ ಎರಡು ರಬ್ಬರ್ ಗಾಲಿ ಇರುವ ರೋಲರ್ ಬರುತ್ತದಲ್ಲ, ಅದು ತಿರುಗುವಾಗ ಸರಿಯಾಗಿ ನೋಡಿ. ಅದರ ಮುಂದಿನ ಉರುಳೆ ಸೈಕಲ್ಲಿನ ಗಾಲಿಯಂತೆ ತಾನೊಂದೇ ಹೊರಳುವುದಿಲ್ಲ. ಇಡೀ ಯಂತ್ರವೇ ನಡುವಿನಲ್ಲಿ ಮಡಚುತ್ತದೆ.

ಇದರಿಂದ ಲಾಭವೇನು? ನಮ್ಮ ಕಡೆ ಮಕ್ಕಳು ಜೋಳದ ದಂಟಿನ ಬಂಡಿ ಮಾಡುತ್ತೀರಲ್ಲ, ಅಂಥವು ಎರಡು ಮಾಡಿ. ಒಂದರ ಹಿಂದೆ ಒಂದಿಟ್ಟು ಸರಿಯಾಗಿ ಮಧ್ಯದಲ್ಲಿ ಒಂದು ಮುಳ್ಳು ಚುಚ್ಚಿ ಜೋಡಿಸಿ. ಗಾಲಿ ಒದ್ದೆ ಮಾಡಿ, ನಡು ಸ್ವಲ್ಪ ಬಗ್ಗಿಸಿಟ್ಟು ಕಟ್ಟೆಯ ಮೇಲೆ ಸುತ್ತು ಹೊಡೆಸಿ. ಹಿಂದಿನ ಗಾಲಿ ಮುಂದಿನ ಗಾಲಿಯ ಗುರುತಿನ ಮೇಲೆಯೇ ಹೋಗುತ್ತದೆ. ಮಾಮೂಲು ಟ್ರ್ಯಾಕ್ಟರು ಹಾಗಲ್ಲ, ಅದರ ಹಿಂದಿನ ಗಾಲಿ ಒಳಗೆ ಸರಿದು ಸಾಲಿನ ಬೆಳೆ ತುಳಿಯುತ್ತದೆ. ದ್ರಾಕ್ಷಿ ತೋಟದ ಸಾಲಿನಲ್ಲಿ, ಗುಡ್ಡದ ಓರೆಯಲ್ಲಿ ತಿರುಗಲು ಜಾಗ ಕಡಿಮೆ. ಅಂಥಲ್ಲಿಗೆಂದೇ ಯುರೋಪಿನವರು ಈ ಚಿಕ್ಕ ಯಂತ್ರ ಮಾಡಿದರು. ಜರ್ಮನಿಯ ಹೋಲ್ಡರ್ ಕಂಪನಿಯ ಎ10 ಬಂದದ್ದು 1954ರಲ್ಲಿ. ಇಟಲಿಯಲ್ಲಿ ಪಾಸ್ಕ್ವಾಲಿ, ಗೋಲ್ಡೋನಿ, ಫೆರಾರಿ ಎಂಬ ಹೆಸರಿನವು ಬಂದವು. ಈ ಫೆರಾರಿಗೂ ರೇಸಿನ ಕಾರಿಗೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಇವುಗಳಲ್ಲಿ ನಾಲ್ಕೂ ಗಾಲಿಗೆ ಎಂಜಿನ್ನಿನ ಶಕ್ತಿ ಹೋಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಗಾಗಿ ಅಳಿಯ ಹೇಳಿದ್ದು ಪೂರ್ತಿ ಅಸಾಧ್ಯದ ಮಾತೇನಲ್ಲ. ಆದರೆ ನಾನು ಇಷ್ಟು ವರ್ಷದಲ್ಲಿ ನಮ್ಮ ಸೀಮೆಯಲ್ಲಿ ಅಂಥದ್ದೊಂದನ್ನೂ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ನೋಡುವ ಆಸೆ ಹುಟ್ಟಿತ್ತು.

ಮೊಬೈಲು ಹುಡುಗನ ಕೈಗೆ ಹೋಗಿತ್ತು. ಅವನು ಚಿತ್ರ ದೊಡ್ಡದು ಮಾಡಿ ನೋಡುತ್ತಿದ್ದ. "ಮುತ್ಯಾ, ಮುಂದಿನ ಗಾಲಿಗಿ ಹಲ್ಲವ. ಹಿಂದಿನವಕ್ಕ ಯಾಕ ಇಲ್ಲ?" ಅಂದ.

ನಾನು ಕನ್ನಡಕ ಏರಿಸಿ ನೋಡಿದೆ. ಹೌದು. ಮುಂದಿನ ಟೈರಿಗೆ ಮಣ್ಣು ಕಚ್ಚುವ ದಪ್ಪ ಹಲ್ಲು. ಹಿಂದಿನದಕ್ಕೆ ಟ್ರಾಲಿಯ ಟೈರಿನ ಹಾಗೆ ಬರೀ ಗೆರೆ. ಮಣ್ಣನ್ನು ಒದ್ದು ಮುಂದೆ ಹೋಗುವ ಗಾಲಿಗೆ ಹಲ್ಲು ಬೇಕು. ಸುಮ್ಮನೆ ಎಳೆಸಿಕೊಂಡು ಹೋಗುವ ಗಾಲಿಗೆ ಯಾಕೆ ಬೇಕು?

"ಚಪ್ಪಲಿ ಹಾಕ್ಕೋ. ನೀನೂ ಬಾ," ಅಂದೆ.

ಯಂತ್ರ ಇದ್ದದ್ದು ಮಹಾರಾಷ್ಟ್ರದ ಗಡಿ ದಾಟಿ, ಅಕ್ಕಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ. ನಾವು ಮುಟ್ಟುವಾಗ ಬಿಸಿಲೇರಿತ್ತು. ಮಾರುವವರು ನಮ್ಮ ವಯಸ್ಸಿನವರೇ, ನಗುಮೊಗದವರು. ಅರ್ಧ ಕನ್ನಡ, ಅರ್ಧ ಮರಾಠಿ. ಬೇವಿನ ಮರದ ಕೆಳಗೆ ಯಂತ್ರ ಮಿರಿಮಿರಿ ಮಿಂಚುತ್ತಿತ್ತು.

ಹೋದವನೇ ನಾನು ಎಂಜಿನ್ನಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಹಳೆ ಎಂಜಿನ್ ನೋಡಲು ಹೋದಾಗ ಇದು ನನ್ನ ಮೊದಲ ಕೆಲಸ. ತಣ್ಣಗಿರುವಾಗ ಹಟ ಮಾಡುವ ಎಂಜಿನ್ನನ್ನು ಗಿರಾಕಿ ಬರುವ ಮೊದಲೇ ಓಡಿಸಿಟ್ಟರೆ, ಆಮೇಲೆ ಅದು ಒಂದೇ ಏಟಿಗೆ ಎದ್ದುಬಿಡುತ್ತದೆ. "ಸಾಹುಕಾರ್ರ, ಇದು ಆರಲಿ. ಅಲ್ಲೀತನಾ ಚಹಾ ಕುಡಿಯೂಣು," ಅಂದೆ. ಅವರು ನಕ್ಕರು, ಆದರೆ ಮೊದಲಿನಷ್ಟು ನಗಲಿಲ್ಲ.

ಆ ಒಂದು ತಾಸು ನಮಗೆ ಬಹಳ ಉಪಯೋಗವಾಯಿತು.

ಯಂತ್ರದ ಹೆಸರು ಅದರ ಮೈಮೇಲೆ ಬರೆದದ್ದಲ್ಲ, ಮಕ್ಕಳೇ. ಬಣ್ಣದಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಎಂಜಿನ್ನಿಗೆ ಒಂದು ಚಿಕ್ಕ ತಗಡಿನ ಫಲಕ ಹೊಡೆದಿರುತ್ತಾರೆ. ಎರಕದ ಮೈಮೇಲೆಯೇ ಉಬ್ಬಿದ ಅಕ್ಷರ, ಕೊರೆದ ಅಂಕಿ ಇರುತ್ತವೆ. ಇಲ್ಲಿ ಮೂರು ನಾಲ್ಕು ಸಲ ಬಣ್ಣ ಬಳಿದು ಫಲಕ ಮುಚ್ಚಿಹೋಗಿತ್ತು. ಬೇರೆಯವರ ವಸ್ತು, ಕೆರೆದು ನೋಡುವ ಹಾಗಿಲ್ಲ. ಹುಡುಗನ ನೋಟ್‌ಬುಕ್ಕಿನ ತೆಳು ಹಾಳೆಯೊಂದನ್ನು ಅದರ ಮೇಲಿಟ್ಟು, ಪೆನ್ಸಿಲ್ಲನ್ನು ಮಲಗಿಸಿ ಹಗುರಾಗಿ ಉಜ್ಜಲು ಹೇಳಿದೆ. ನಾಣ್ಯದ ಚಿತ್ರ ತೆಗೆಯುತ್ತೀರಲ್ಲ, ಹಾಗೆಯೇ. ಕಪ್ಪಿನ ನಡುವೆ ಬಿಳಿ ಅಕ್ಷರ ಒಂದೊಂದಾಗಿ ಎದ್ದು ಬಂದವು. ಅವನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಮೊದಲು ವಿ.ಎಸ್.ಟಿ. ಆಮೇಲೆ ಇನ್ನೊಂದು ಸಾಲು.

"ಬ್ಯಾಂ... ಬ್ಯಾಂಗಲೋರ್! ಮುತ್ಯಾ, ಇಟಲಿ ಬೆಂಗಳೂರಾಗ ಅದ ಏನು?"

ಅಳಿಯ ತಲೆ ಮೇಲೆತ್ತಲಿಲ್ಲ.

ಅದು ಪವರ್ ಟಿಲ್ಲರ್. ವಿ.ಎಸ್.ಟಿ. ಬೆಂಗಳೂರಿನ ಕಂಪನಿ. 1967ರಲ್ಲಿ ಶುರುವಾಗಿ, ಜಪಾನಿನ ಮಿತ್ಸುಬಿಷಿಯ ನೆರವಿನಿಂದ ಟಿಲ್ಲರ್ ಮಾಡಿತು. ಕೇರಳದ ಕ್ಯಾಮ್ಕೊ ಇನ್ನೊಂದು, ಅದು ಜಪಾನಿನ ಕುಬೋಟಾದ ಕಡೆಯಿಂದ ಕಲಿತದ್ದು. ಭತ್ತದ ಗದ್ದೆಯಿರುವ ಊರಿನ ಅಜ್ಜ ಅಜ್ಜಿಯರಿಗೆ ಇದರ ಪರಿಚಯ ಚೆನ್ನಾಗಿದೆ. ಎರಡೇ ಗಾಲಿ, ಮುಂದೆ ಅಡ್ಡ ಮಲಗಿದ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಪಕ್ಕದಲ್ಲಿ ಪಟ್ಟಾ, ಹಿಂದೆ ಮಣ್ಣು ಕೊಚ್ಚುವ ರೋಟರಿ, ಎರಡು ಉದ್ದನೆಯ ಹಿಡಿಕೆ. ಹಿಡಿದವರು ಎತ್ತಿನ ಹಿಂದೆ ನಡೆದಂತೆ ಅದರ ಹಿಂದೆ ನಡೆಯಬೇಕು. ರೋಟರಿ ಬಿಚ್ಚಿ ಟ್ರಾಲಿ ಜೋಡಿಸಿದರೆ ಕೂತು ಹೋಗಬಹುದು. ಆಗ ಅದೂ ನಡು ಬಗ್ಗುವ ಗಾಡಿಯೇ.

ಇಲ್ಲಿ ಯಾರೋ ಜಾಣ ವೆಲ್ಡಿಂಗಿನವನು ಟ್ರಾಲಿಯ ಮುಂಭಾಗವನ್ನಷ್ಟೇ ಉಳಿಸಿ, ಅದೇ ಅಳತೆಯ ಚಿಕ್ಕ ಗಾಲಿ ಹಾಕಿ, ಸೀಟು ಕೂರಿಸಿ, ತಗಡಿನ ಮುಖ ಹೊದಿಸಿದ್ದ. ಅವನ ಕೈಯ ಕೆಲಸ ಮೆಚ್ಚುವಂಥದ್ದೇ. ಆದರೂ ಪೂರ್ತಿ ಖಚಿತ ಮಾಡಿಕೊಳ್ಳಬೇಕಿತ್ತು. ಜಾಕ್ ಹಾಕಿ ಹಿಂದಿನ ಒಂದು ಗಾಲಿ ಎತ್ತಿದೆ. ಗಿಯರ್ ಹಾಕಿ, "ತಿರುವು" ಅಂತ ಹುಡುಗನಿಗೆ ಹೇಳಿದೆ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಯಂತ್ರವಾಗಿದ್ದರೆ ಗಿಯರ್‌ನಲ್ಲಿರುವಾಗ ಆ ಗಾಲಿ ಒಳಗಿನ ಹಲ್ಲುಚಕ್ರಕ್ಕೆ ಸಿಕ್ಕಿ ತಡೆಯಬೇಕು. ಇದು ನೂಲುವ ರಾಟಿಯಂತೆ ಗರಗರ ತಿರುಗಿತು. ಕೆಳಗೆ ಬಗ್ಗಿ ನೋಡಿದೆ. ಕೀಲಿನ ಮೂಲಕ ಹಿಂದಕ್ಕೆ ಹೋಗುವ ಶಾಫ್ಟೇ ಇಲ್ಲ. ಕೀಲು ಅಂದರೆ ಒಂದು ದಪ್ಪ ಪಿನ್ನು. ಕಬ್ಬಿಣದ ಸಲಾಕೆ ಇಟ್ಟು ಮೀಟಿದರೆ ಒಂದು ಬೆರಳಿನಷ್ಟು ಅಲ್ಲಾಡುತ್ತಿತ್ತು. ತೂತು ಸವೆದು ಮೊಟ್ಟೆಯಾಕಾರ ಆಗಿತ್ತು. ನಿಜವಾದ ಹೋಲ್ಡರ್ ಆದರೂ ಪಾಸ್ಕ್ವಾಲಿ ಆದರೂ ಮೊದಲು ನೋಡಬೇಕಾದದ್ದು ಈ ಕೀಲನ್ನೇ. ಎಂಜಿನ್ ರಿಪೇರಿ ಮಾಡಬಹುದು, ಕೀಲಿನ ಮನೆಯೇ ಸೀಳಿದ್ದರೆ ಬಹಳ ಕಷ್ಟ. ಮತ್ತೆ ಮಕ್ಕಳೇ, ಇಂಥ ಯಂತ್ರದ ಎಂಜಿನ್ ನಡೆಯುತ್ತಿರುವಾಗ ಆ ಎರಡು ಅರ್ಧಗಳ ನಡುವೆ ಕಾಲಾಗಲಿ ಕೈಯಾಗಲಿ ಇಡಲೇಬಾರದು. ಅದು ಕತ್ತರಿಯ ಬಾಯಿ ಇದ್ದ ಹಾಗೆ.

ಇಷ್ಟಾದರೂ ನನಗೆ ಸಿಟ್ಟು ಬಂದಿರಲಿಲ್ಲ. ಹಳೆ ಸಾಮಾನಿನ ವ್ಯಾಪಾರದಲ್ಲಿ ಬೆಂಗಳೂರಿನದನ್ನು ಇಟಲಿಯದು ಅನ್ನುವವರು ಇರುತ್ತಾರೆ. ಬಂದದ್ದು ಸ್ಟಿಯರಿಂಗ್ ನೋಡಿದ ಮೇಲೆ.

ಟಿಲ್ಲರಿನ ಎರಡು ಹಿಡಿಕೆಯ ಕೆಳಗೆ ಒಂದೊಂದು ಕ್ಲಚ್ ಇರುತ್ತದೆ. ಎಡದ್ದನ್ನು ಒತ್ತಿದರೆ ಎಡಗಾಲಿಗೆ ಶಕ್ತಿ ನಿಲ್ಲುತ್ತದೆ. ಬಲಗಾಲಿ ಮಾತ್ರ ತಳ್ಳುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಸಪಾಟು ನೆಲದಲ್ಲಿ ಇದು ಸರಿ. ಇಳಿಜಾರಿನಲ್ಲಿ ಏನಾಗುತ್ತದೆ ಯೋಚಿಸಿ. ಅಲ್ಲಿ ಎಂಜಿನ್ ಗಾಲಿಯನ್ನು ತಳ್ಳುವುದಿಲ್ಲ, ಓಡದಂತೆ ಹಿಡಿದಿರುತ್ತದೆ. ಎಡದ ಕ್ಲಚ್ ಒತ್ತಿದಿರೋ, ಎಡಗಾಲಿಯ ಹಿಡಿತ ಬಿಟ್ಟುಹೋಗಿ ಅದೇ ಮುಂದೆ ಓಡುತ್ತದೆ. ಗಾಡಿ ಬಲಕ್ಕೆ ಹೊರಳುತ್ತದೆ! ಟಿಲ್ಲರ್ ಹೊಡೆಯುವವರು ಇದನ್ನು ಮೊದಲ ದಿನವೇ ಕಲಿಯುತ್ತಾರೆ. ಇಳಿಜಾರಿನಲ್ಲಿ ಕ್ಲಚ್ ಮುಟ್ಟದೆ ಹಿಡಿಕೆಯನ್ನೇ ತಳ್ಳಿ ತಿರುಗಿಸುತ್ತಾರೆ.

ಇಲ್ಲಿ ಆ ಹಿಡಿಕೆಯನ್ನೇ ಕತ್ತರಿಸಿ ಹಾಕಿದ್ದರು. ಅದರ ಬದಲು ಕಾರಿನದೊಂದು ದುಂಡು ಸ್ಟಿಯರಿಂಗ್ ಕೂರಿಸಿ, ಅದರಿಂದ ಎರಡು ತಂತಿ ಎಳೆದು ಎರಡು ಕ್ಲಚ್ಚಿಗೆ ಕಟ್ಟಿದ್ದರು. ಅಂಗಳದಲ್ಲಿ ಎಡಕ್ಕೆ ತಿರುಗಿಸಿದರೆ ಎಡಕ್ಕೆ ಹೋಗುತ್ತದೆ. ಮಣ್ಣೂರಿನಲ್ಲಿ ನನ್ನ ಅಳಿಯನ ಹೊಲದಿಂದ ನದಿಯ ಪಂಪಿನ ಮನೆಗೆ ಇಳಿಯುವ ದಾರಿ ನನ್ನ ಕಣ್ಣ ಮುಂದೆ ಬಂತು. ಎಡಕ್ಕೆ ಕಪ್ಪು ಮಣ್ಣಿನ ದಿಬ್ಬ, ಬಲಕ್ಕೆ ಭೀಮಾ.

"ಸಾಹುಕಾರ್ರ, ಆ ಬಾವಿ ಕಡೆ ಇಳಿಜಾರ ಅದಲ್ಲ, ಅಲ್ಲಿ ಒಂದು ಸಲ ಇಳಿಸಿ ತೋರಸ್ರಿ."

"ಇಳಿಜಾರದಾಗ ಸ್ಟಿಯರಿಂಗ್ ತಿರಗಸಬಾರದ್ರೀ ಮಾಸ್ತರ," ಅಂದರು ಅವರು. ಸಹಜವಾಗಿಯೇ ಅಂದರು.

ಅಂದರೆ ಅವರಿಗೆ ಗೊತ್ತಿತ್ತು.

"ನಮ್ಮ ಹುಡುಗಗ ಇದು ಹೇಳಿದ್ರೇನು?" ಎಂದು ಕೇಳಿದೆ. ಅವರು ಮರದ ಕಡೆ ನೋಡಿದರು. ಅಳಿಯ ಆ ಹೊತ್ತಿಗೆ ನನ್ನ ಪಕ್ಕದಲ್ಲಿ ಬಂದು ನಿಂತಿದ್ದ. ಅವನ ಮಗ ಅವನ ಕೈ ಹಿಡಿದುಕೊಂಡಿದ್ದ.

ಎಂಜಿನ್ ಆರಿದ ಮೇಲೆ ಹ್ಯಾಂಡಲ್ ಹೊಡೆಸಿ ನೋಡಿದೆ. ಎಂಟು ಹತ್ತು ಸುತ್ತಿಗೆ ಎದ್ದಿತು. ಮೊದಲು ಬಿಳಿ ಹೊಗೆ, ಆಮೇಲೆ ತಿಳಿಯಾಯಿತು. ಎಣ್ಣೆಯ ಕಡ್ಡಿ ಎಳೆದು ನೋಡಿದೆ, ಕಪ್ಪಿತ್ತು, ಹಾಲಿನಂತೆ ಆಗಿರಲಿಲ್ಲ. ಹಾಲಿನಂತಾಗಿದ್ದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ನೀಲಿ ಹೊಗೆಯೂ ಇಲ್ಲ, ಹಾಗಾಗಿ ಎಣ್ಣೆ ಸುಡುತ್ತಿಲ್ಲ. ಎಂಜಿನ್ನಿಗೆ ಇನ್ನೂ ಆಯುಷ್ಯವಿತ್ತು. ಪಾಪ, ಅದು ಯಾರಿಗೂ ಮೋಸ ಮಾಡಿರಲಿಲ್ಲ.

ಈಗ ಬೆಲೆ. ನಿಜವಾದ ಇಟಲಿಯ ಹಳೆ ಯಂತ್ರವೇ ಆಗಿದ್ದರೂ ನಾನು ಅಳಿಯನಿಗೆ ಬೇಡ ಅನ್ನುತ್ತಿದ್ದೆನೇನೋ. ಸಂಗ್ರಹ ಮಾಡುವವರಿಗೆ ಅದು ಹಬ್ಬ. ರೈತನಿಗೆ ಒಂದು ಸೀಲ್ ಹೋದರೆ ಸಮುದ್ರದಾಚೆಯಿಂದ ತರಿಸಬೇಕು. ಆ ಲೆಕ್ಕದಲ್ಲಿ ಬೆಂಗಳೂರಿನ ಟಿಲ್ಲರೇ ವಾಸಿ, ಪಟ್ಟಾ, ರೋಟರಿಯ ಬ್ಲೇಡು ನಮ್ಮ ಕಡೆಯೂ ತರಿಸಿಕೊಳ್ಳಬಹುದು. ಆದರೆ ಟಿಲ್ಲರಿಗೆ ಬೆಲೆ ಬರುವುದೇ ರೋಟರಿಯಿಂದ, ಅದೇ ಇಲ್ಲಿರಲಿಲ್ಲ. ಹಿಡಿಕೆಯೂ ಇರಲಿಲ್ಲ. ಜೊತೆಗೆ ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಅಂಟು. ಹತ್ತು ಹನ್ನೆರಡು ಕುದುರೆಶಕ್ತಿಯ ಹಗುರ ಯಂತ್ರ ಅದನ್ನು ಆಳಕ್ಕೆ ಉಳಲಾರದು. ಕಬ್ಬಿನ ಸಾಲಿನ ನಡುವೆ ಕಳೆ ತೆಗೆಯಲು, ಮಣ್ಣು ಸಡಿಲಿಸಲು ಮಾತ್ರ ಬಂದೀತು. ಅದಕ್ಕೆ 1,80,000 ರೂಪಾಯಿ ಕೊಡುವುದೆಂದರೆ ಕೆಂಪು ಬಣ್ಣಕ್ಕೆ ಕೊಟ್ಟ ಹಾಗೆ. ಇನ್ನೊಂದು ಮಾತು: ಟ್ರ್ಯಾಕ್ಟರು ಅಂದಮೇಲೆ ಆರ್.ಸಿ. ಪುಸ್ತಕ ಬೇಕು, ಅದರಲ್ಲಿಯ ಎಂಜಿನ್ ನಂಬರೂ ಚಾಸಿ ನಂಬರೂ ಯಂತ್ರದ ಮೇಲೆ ಕೊರೆದ ನಂಬರಿಗೆ ಹೊಂದಬೇಕು. ಪುಸ್ತಕ ಕೇಳಿದರೆ ಅವರು "ಫಾರಿನ್ ಮಾಲಿಗಿ ಎಲ್ಲಿ ಪುಸ್ತಕರೀ" ಅಂದರು.

ಸಂಚಕಾರ ತಿರುಗಿ ಕೇಳಿದೆವು. ಬಹಳ ಹೊತ್ತು ಮಾತಾಯಿತು. 10,000 ಕೊಟ್ಟರು, 5,000 ಹಿಡಿದುಕೊಂಡರು. ಬೇರೆ ಗಿರಾಕಿಯನ್ನು ಬಿಟ್ಟೆ ಅಂದರು. ನಾನು ಜಗಳ ಬೆಳೆಸಲಿಲ್ಲ. "ಆ ಸ್ಟಿಯರಿಂಗ್ ಕಿತ್ತು ಹಿಡಿಕಿ ಹಾಕಸ್ರಿ, ಯಾರಿಗರೆ ಮಾರೂ ಮೊದಲ" ಎಂದಷ್ಟೇ ಹೇಳಿ ಬಂದೆ. ಹಾಕಿಸಿದರೋ ಇಲ್ಲವೋ.

ಬಸ್ಸಿನಲ್ಲಿ ಅಳಿಯ ಮಾತಾಡಲಿಲ್ಲ. ಅಫಜಲಪುರ ಬಂದ ಮೇಲೆ ಮೆಲ್ಲಗೆ, "ಮಾಮಾ, ಆಕಿಗಿ ನೀವೇ ಹೇಳ್ರಿ" ಅಂದ. ನಾನು ಒಲ್ಲೆ ಅಂದೆ. ಅವನೇ ಹೇಳಿದ. ಆ ರಾತ್ರಿ ಅವರ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವೆಂದು ಹುಡುಗ ವರದಿ ಕೊಟ್ಟ. ಸೋಮವಾರ ತಾಯಿ ಮಗಳು ಇಬ್ಬರೂ ಕಲಬುರಗಿಗೆ ಹೋಗಿ ಹಾಸ್ಟೆಲ್ಲಿನ ದುಡ್ಡು ಕಟ್ಟಿ ಬಂದರು. ಕಡಿಮೆ ಬಿದ್ದ 5,000ಕ್ಕೆ ನನ್ನ ತಂಗಿ ತನ್ನ ಸಂಘದಿಂದ ಸಾಲ ಎತ್ತಿದಳು.

ಅರವತ್ತು ವರ್ಷದ ಹಳೆ ಯಂತ್ರ ಬೇಕೆಂದರೆ ಅಕ್ಕಲಕೋಟೆಗೆ ಹೋಗಬೇಕಾಗಿಯೂ ಇಲ್ಲ. ಊರಿನ ದನದ ಕೊಟ್ಟಿಗೆಗಳಲ್ಲಿ, ಹಗೇವಿನ ಪಕ್ಕದಲ್ಲಿ ನೋಡಿ. ನಮ್ಮ ದೇಶದಲ್ಲಿ ಐಷರ್ ಟ್ರ್ಯಾಕ್ಟರು ಫರೀದಾಬಾದಿನಲ್ಲಿ ತಯಾರಾಗತೊಡಗಿದ್ದು 1959ರಲ್ಲಿ. ಮದ್ರಾಸಿನ ಟ್ಯಾಫೆ 1960ರಲ್ಲಿ ಶುರುವಾಯಿತು, ಅದು ಮಾಡಿದ ಕೆಂಪು ಮ್ಯಾಸ್ಸಿಗಳು ಈಗಲೂ ಓಡುತ್ತಿವೆ. ಅಜ್ಜನ ಕೈಯಲ್ಲಿ ಎಚ್.ಎಂ.ಟಿ. ಗಡಿಯಾರ ಇದ್ದರೆ ಕೇಳಿ ನೋಡಿ. ಬೆಂಗಳೂರಿನಲ್ಲಿ 1961ರಿಂದ ಗಡಿಯಾರ ಮಾಡಿದ ಅದೇ ಕಂಪನಿ 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರನ್ನೂ ಮಾಡತೊಡಗಿತು. ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ನಕ್ಷೆ, 25 ಕುದುರೆಶಕ್ತಿ. ಹೆಸರು 2511. ಕೈಗೆ ಕಟ್ಟುವುದೂ ಹೊಲ ಉಳುವುದೂ ಒಂದೇ ಹೆಸರಿನದು!

ಹುಡುಗ ಆ ಪೆನ್ಸಿಲ್ ಹಾಳೆಯನ್ನು ತನ್ನ ನೋಟ್‌ಬುಕ್ಕಿನ ಒಳ ರಟ್ಟಿಗೆ ಅಂಟಿಸಿಕೊಂಡಿದ್ದಾನೆ. ಈಗ ಊರಲ್ಲಿ ಸಿಕ್ಕ ಪಂಪಿಗೆ, ಹಿಟ್ಟಿನ ಗಿರಣಿಗೆ, ಹೊಲಿಗೆ ಯಂತ್ರಕ್ಕೆಲ್ಲ ಹಾಳೆ ಇಟ್ಟು ಉಜ್ಜುತ್ತಿದ್ದಾನೆ. ನೀವೂ ಅಜ್ಜ ಅಜ್ಜಿಯನ್ನು ಕೇಳಿಕೊಂಡು, ಯಂತ್ರ ನಿಂತಿರುವಾಗ ಮಾತ್ರ, ಮನೆಯ ಹಳೆಯದೊಂದರ ಫಲಕ ಉಜ್ಜಿ ಹಾಳೆಯನ್ನು ಈ ಪುಟದ ವಿಳಾಸಕ್ಕೆ ಕಳಿಸಿ. ಅದನ್ನು ಯಾರು ಕೊಂಡು ತಂದರು, ಮೊದಲ ದಿನ ಏನಾಯಿತು ಎಂಬುದನ್ನು ಅಜ್ಜಿಯ ಬಾಯಿಂದ ಕೇಳಿ ಹಿಂದುಗಡೆ ಬರೆಯಿರಿ. ಅಜ್ಜ ಹೇಳಿದ್ದಾದರೆ ಅಜ್ಜಿಗೆ ಒಮ್ಮೆ ತೋರಿಸಿ ಕಳಿಸಿ.